ಅನಿಶ್ಚಿತತಾ ತತ್ತ್ವವನ್ನು ಪ್ರಯೋಗದಲ್ಲಿ ಒರೆಗೆ ಹಚ್ಚುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದಲ್ಲಿ ಭಾನುವಾರ ಬೆಳಿಗ್ಗೆ ನಾನು ಪದವಿ ವಿದ್ಯಾರ್ಥಿಗಳ ಜೊತೆ ಭೌತವಿಜ್ಞಾನ ಮಾತನಾಡಲು ಕೂರುತ್ತೇನೆ. ಹುಬ್ಬಳ್ಳಿಯಿಂದ, ಗದಗದಿಂದ, ಕೆಲವೊಮ್ಮೆ ಹಾವೇರಿಯಿಂದಲೂ ಮಕ್ಕಳು ಬರುತ್ತಾರೆ. ಕ್ವಾಂಟಂ ವಿಷಯ ಬಂದ ದಿನವೆಲ್ಲ ಪ್ರಶ್ನೆಗಳು ಸುತ್ತಿ ಸುತ್ತಿ ಒಂದೇ ಕಡೆ ಬಂದು ನಿಲ್ಲುತ್ತವೆ: ಅಳೆಯುವುದಕ್ಕೆ ನಿಜವಾಗಿಯೂ ಒಂದು ಮಿತಿ ಇದೆಯೇ? ಇದ್ದರೆ ಅದನ್ನು ಯಾರಾದರೂ ಅಳೆದು ನೋಡಿದ್ದಾರೆಯೇ? ಅಲ್ಲಿ ಕೊಟ್ಟ ಉತ್ತರಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಪಿಯುಸಿ ಮಟ್ಟದ ಗಣಿತ ಸಾಕು.

ಅನಿಶ್ಚಿತತಾ ತತ್ತ್ವವನ್ನು ಒಂದೇ ಮಾತಿನಲ್ಲಿ ಹೇಳಬಹುದೇ?

ಒಂದೇ ಮಾತಿನಲ್ಲಿ ಹೇಳಲು ಹೊರಟಿದ್ದರಿಂದಲೇ ಅರ್ಧ ಗೊಂದಲ ಹುಟ್ಟಿದೆ. ನಾವು ಹುಬ್ಬಳ್ಳಿ-ಧಾರವಾಡ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಹೊರಗಿನವರಿಗೆ ಅದು ಒಂದೇ ಊರು. ಇಲ್ಲಿರುವವರಿಗೆ ಗೊತ್ತು, ಊರು ಎರಡು, ನಡುವೆ ಇಪ್ಪತ್ತು ಕಿಲೋಮೀಟರ್ ದಾರಿ, ಮಣ್ಣು ಬೇರೆ, ಮಳೆ ಬೇರೆ. ಅನಿಶ್ಚಿತತಾ ತತ್ತ್ವ ಎಂಬ ಒಂದು ಹೆಸರಿನ ಕೆಳಗೂ ಹೀಗೆಯೇ ಎರಡು ಬೇರೆ ಹೇಳಿಕೆಗಳಿವೆ.

ಮೊದಲನೆಯದು ಸಿದ್ಧತೆಗೆ ಸಂಬಂಧಿಸಿದ್ದು. ಒಂದೇ ವಿಧಾನದಲ್ಲಿ ಸಿದ್ಧಪಡಿಸಿದ ಲಕ್ಷ ಎಲೆಕ್ಟ್ರಾನುಗಳಿವೆ ಎಂದುಕೊಳ್ಳಿ. ಅರ್ಧದಷ್ಟರಲ್ಲಿ ಸ್ಥಾನವನ್ನು ಮಾತ್ರ ಅಳೆಯಿರಿ, ಉಳಿದ ಅರ್ಧದಲ್ಲಿ ಸಂವೇಗವನ್ನು ಮಾತ್ರ ಅಳೆಯಿರಿ. ಯಾವ ಎಲೆಕ್ಟ್ರಾನನ್ನೂ ಎರಡು ಸಲ ಮುಟ್ಟಿಲ್ಲ. ಆದರೂ ಸ್ಥಾನದ ಉತ್ತರಗಳ ಹರವು ಮತ್ತು ಸಂವೇಗದ ಉತ್ತರಗಳ ಹರವು, ಇವೆರಡರ ಗುಣಲಬ್ಧ ಒಂದು ಕನಿಷ್ಠ ಮೊತ್ತಕ್ಕಿಂತ ಕೆಳಗೆ ಇಳಿಯುವುದಿಲ್ಲ. ಪ್ಲಾಂಕ್ ಸ್ಥಿರಾಂಕವನ್ನು 4 ಪೈ ಇಂದ ಭಾಗಿಸಿದರೆ ಬರುವ ಸಂಖ್ಯೆಯೇ ಆ ಕನಿಷ್ಠ, ಸುಮಾರು 5.27 × 10⁻³⁵ ಜೂಲ್-ಸೆಕೆಂಡ್. ಇದನ್ನು ಕೆನಾರ್ಡ್ 1927ರಲ್ಲಿ ಗಣಿತದಿಂದ ಸಾಧಿಸಿದರು. 1929ರಲ್ಲಿ ರಾಬರ್ಟ್‌ಸನ್ ಅದನ್ನು ಬೇರೆ ರಾಶಿಗಳ ಜೋಡಿಗೂ ವಿಸ್ತರಿಸಿದರು. ಈ ಹೇಳಿಕೆಯ ಬಗ್ಗೆ ಯಾರಿಗೂ ತಕರಾರಿಲ್ಲ.

ಎರಡನೆಯದು ಮಾಪನಕ್ಕೆ ಸಂಬಂಧಿಸಿದ್ದು. ಒಂದೇ ಕಣದ ಸ್ಥಾನವನ್ನು ಇಷ್ಟು ದೋಷದೊಳಗೆ ಅಳೆದರೆ, ಆ ಅಳತೆಯಿಂದಲೇ ಅದರ ಸಂವೇಗ ಎಷ್ಟು ಕದಡುತ್ತದೆ? ಇಲ್ಲಿ ನಾವು ಹೋಲಿಸುತ್ತಿರುವುದು ಎರಡು ಹರವುಗಳನ್ನಲ್ಲ, ಉಪಕರಣದ ದೋಷವನ್ನು ಮತ್ತು ಆ ಉಪಕರಣ ತಂದ ಕ್ಷೋಭೆಯನ್ನು. ಈ ಎರಡನೆಯ ಹೇಳಿಕೆಯೇ 2012ರಿಂದೀಚೆಗೆ ಪ್ರಯೋಗಶಾಲೆಗಳಲ್ಲಿ ಒರೆಗೆ ಬಿದ್ದಿರುವುದು.

ನಾನು ಓದಿದ ಪಠ್ಯಪುಸ್ತಕ ಮೊದಲ ಹೇಳಿಕೆಯ ಸೂತ್ರವನ್ನು ಬರೆದು, ಎರಡನೆಯ ಹೇಳಿಕೆಯ ಕಥೆಯಿಂದ ಅದನ್ನು ವಿವರಿಸಿತ್ತು. ನಾನೂ ಹಲವು ವರ್ಷ ಹಾಗೆಯೇ ಕಲಿಸಿದೆ. ಅದು ತಪ್ಪು. ನನ್ನಿಂದ ಹಾಗೆ ಕಲಿತವರು ಇದನ್ನು ಓದುತ್ತಿದ್ದರೆ ದಯವಿಟ್ಟು ತಿದ್ದಿಕೊಳ್ಳಬೇಕು.

ಹೈಸೆನ್‌ಬರ್ಗ್ ಮೂಲತಃ ಹೇಳಿದ್ದು ಯಾವುದನ್ನು?

ಎರಡನೆಯದನ್ನು. ಈ ತತ್ತ್ವವನ್ನು ಮೊದಲು ಮಂಡಿಸಿದ ಜರ್ಮನ್ ಭೌತವಿಜ್ಞಾನಿ ಅವರು. 1927ರಲ್ಲಿ ಒಂದು ಕಾಲ್ಪನಿಕ ಸೂಕ್ಷ್ಮದರ್ಶಕವನ್ನು ಓದುಗರ ಮುಂದಿಟ್ಟರು. ಎಲೆಕ್ಟ್ರಾನ್ ಎಲ್ಲಿದೆ ಎಂದು ನಿಖರವಾಗಿ ನೋಡಬೇಕಾದರೆ ಬೆಳಕಿನ ತರಂಗಾಂತರ ಬಹಳ ಚಿಕ್ಕದಿರಬೇಕು, ಅಂದರೆ ಗಾಮಾ ಕಿರಣವೇ ಬೇಕು. ಆದರೆ ತರಂಗಾಂತರ ಚಿಕ್ಕದಾದಷ್ಟೂ ಒಂದೊಂದು ಫೋಟಾನಿನ, ಅಂದರೆ ಬೆಳಕಿನ ಕಣದ, ಸಂವೇಗ ದೊಡ್ಡದು. ಅದು ಎಲೆಕ್ಟ್ರಾನಿಗೆ ಬಡಿದು ಅದನ್ನು ಎತ್ತಲೋ ತಳ್ಳುತ್ತದೆ. ಸ್ಥಾನ ಚೆನ್ನಾಗಿ ಗೊತ್ತಾದಷ್ಟೂ ಸಂವೇಗ ಹೆಚ್ಚು ಕೆಡುತ್ತದೆ.

ಈ ಸೂಕ್ಷ್ಮದರ್ಶಕದ ಹಿಂದೆ ಒಂದು ಹಳೆಯ ನೋವು ಇದೆ. 1923ರಲ್ಲಿ ಮ್ಯೂನಿಕ್‌ನಲ್ಲಿ ನಡೆದ ಡಾಕ್ಟರೇಟ್ ಮೌಖಿಕ ಪರೀಕ್ಷೆಯಲ್ಲಿ ವಿಲ್ಹೆಲ್ಮ್ ವೀನ್ ಅವರು ಸೂಕ್ಷ್ಮದರ್ಶಕದ ವಿಭೇದನ ಸಾಮರ್ಥ್ಯದ (ಹತ್ತಿರದ ಎರಡು ಬಿಂದುಗಳನ್ನು ಬೇರೆಯಾಗಿ ತೋರುವ ಶಕ್ತಿಯ) ಬಗ್ಗೆ ಕೇಳಿದಾಗ ಹೈಸೆನ್‌ಬರ್ಗ್ ಉತ್ತರಿಸಲಾಗದೆ ನಿಂತಿದ್ದರು. ನಾಲ್ಕು ವರ್ಷದ ನಂತರ ಅದೇ ವಿಷಯ ಅವರ ಅತಿ ಪ್ರಸಿದ್ಧ ಪ್ರಬಂಧದ ನಡುಭಾಗಕ್ಕೆ ಬಂತು. ಆಗಲೂ ಅದರಲ್ಲಿ ಒಂದು ಕೊರತೆ ಉಳಿದಿತ್ತು. ಮಸೂರದೊಳಗೆ ಫೋಟಾನ್ ಯಾವ ಕೋನದಲ್ಲಿ ಬಂತು ಎಂಬುದು ತಿಳಿಯದೆ ಇರುವುದೇ ಮುಖ್ಯ ಎಂದು ನೀಲ್ಸ್ ಬೋರ್ ತೋರಿಸಿಕೊಟ್ಟರು. ಹೈಸೆನ್‌ಬರ್ಗ್ ಅದನ್ನು ಕರಡು ತಿದ್ದುವ ಹಂತದಲ್ಲಿ ಟಿಪ್ಪಣಿಯಾಗಿ ಸೇರಿಸಿದರು. ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಕೈಕೊಟ್ಟಿತೆಂದು ಕುಗ್ಗಿ ಕೂತ ವಿದ್ಯಾರ್ಥಿ ಬಂದಾಗಲೆಲ್ಲ ನಾನು ಈ ಪ್ರಸಂಗವನ್ನು ಹೇಳುತ್ತೇನೆ.

ಅವರ ವಾದದಲ್ಲಿ ದೋಷ ಎಂದರೇನು, ಕ್ಷೋಭೆ ಎಂದರೇನು ಎಂಬುದಕ್ಕೆ ಕರಾರುವಾಕ್ಕಾದ ಗಣಿತದ ವ್ಯಾಖ್ಯೆ ಇರಲಿಲ್ಲ. ಮುಂದಿನ ಎಂಬತ್ತೈದು ವರ್ಷಗಳ ಕಥೆಯೆಲ್ಲ ಈ ಖಾಲಿ ಜಾಗದ ಕಥೆ.

ನಿತ್ಯ ಜೀವನದಲ್ಲಿ ಈ ಮಿತಿ ಏಕೆ ಕಾಣುವುದಿಲ್ಲ?

ಲೆಕ್ಕ ಹಾಕಿ ನೋಡೋಣ. ಒಂದು ಗ್ರಾಂ ತೂಕದ ಗೋಲಿಯ ಸ್ಥಾನವನ್ನು ಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ನಿಖರವಾಗಿ ಗೊತ್ತುಪಡಿಸಿದ್ದೀರಿ. ಅದರ ವೇಗದಲ್ಲಿ ಇರಲೇಬೇಕಾದ ಹರವು ಸೆಕೆಂಡಿಗೆ ಸುಮಾರು 5 × 10⁻²⁶ ಮೀಟರ್. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ಅಷ್ಟೂ ಕಾಲ ಈ ವೇಗದಲ್ಲಿ ಜರುಗಿದರೂ ಗೋಲಿ ತನ್ನ ಜಾಗದಿಂದ ಒಂದು ವೈರಾಣುವಿನ ಗಾತ್ರದಷ್ಟೂ ಸರಿದಿರುವುದಿಲ್ಲ.

ಈಗ ಎಲೆಕ್ಟ್ರಾನನ್ನು ಒಂದು ಪರಮಾಣುವಿನಷ್ಟು ಜಾಗದಲ್ಲಿ, ಅಂದರೆ 10⁻¹⁰ ಮೀಟರಿನಲ್ಲಿ ಹಿಡಿದಿಡಿ. ವೇಗದ ಹರವು ಸೆಕೆಂಡಿಗೆ ಸುಮಾರು 580 ಕಿಲೋಮೀಟರ್. ಹುಬ್ಬಳ್ಳಿಯಿಂದ ಹೊರಟರೆ ಒಂದು ಸೆಕೆಂಡ್ ಮುಗಿಯುವ ಮೊದಲೇ ಬೆಂಗಳೂರು ಹಿಂದೆ ಬೀಳುತ್ತದೆ. ಸೂತ್ರ ಅದೇ, ದ್ರವ್ಯರಾಶಿಯೂ ಜಾಗದ ಅಳತೆಯೂ ಬದಲಾಗಿವೆ.

ಉಪಕರಣ ಸುಧಾರಿಸಿದರೆ ಮಿತಿ ಕರಗಿ ಹೋಗುವುದಿಲ್ಲವೇ?

ಮೊದಲ ಹೇಳಿಕೆಯ ಮಿತಿ ಹೋಗುವುದಿಲ್ಲ. ಅದು ಉಪಕರಣದ ಗುಣವಲ್ಲ, ಕಣದ ಸ್ಥಿತಿಯ ಗುಣ. ಎರಡನೆಯ ಹೇಳಿಕೆಯ ಮಿತಿ ಎಲ್ಲಿದೆ ಎಂಬುದೇ ಮುಂದಿನ ಪ್ರಶ್ನೆಗಳ ವಿಷಯ.

ಕಣಕ್ಕೆ ಆದ ಕ್ಷೋಭೆಯನ್ನು ಅಳೆಯುವುದಾದರೂ ಹೇಗೆ? ಮೊದಲು ಎಷ್ಟಿತ್ತು ಎಂದು ಗೊತ್ತಾಗಬೇಕಲ್ಲವೇ?

ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ ಇದು. ಗದಗದಿಂದ ಬರುತ್ತಿದ್ದ ಬಿಎಸ್ಸಿ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಇದನ್ನು ಕೇಳಿದ ದಿನ ಉಳಿದ ಪಾಠವನ್ನು ಬದಿಗಿಟ್ಟು ಇದೊಂದನ್ನೇ ಮಾತನಾಡಿದೆವು.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನು ನೆನೆಯಿರಿ. ಖರೀದಿದಾರ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ. ಒಂದೆರಡನ್ನು ಮುರಿದು ಒಳಗಿನ ಬಣ್ಣ ನೋಡುತ್ತಾನೆ, ಬೀಜ ನೋಡುತ್ತಾನೆ. ಮುರಿದ ಕಾಯಿ ಇನ್ನು ಮಾರಾಟಕ್ಕಿಲ್ಲ. ಆದರೂ ಚೀಲದಲ್ಲಿ ಉಳಿದ ಕಾಯಿಗಳ ಬಗ್ಗೆ ಅವನಿಗೆ ತಿಳಿಯಿತು, ಏಕೆಂದರೆ ಎಲ್ಲವೂ ಒಂದೇ ಹೊಲದವು. ಕ್ವಾಂಟಂ ಪ್ರಯೋಗವೂ ಹೀಗೆ ರಾಶಿಯ ಮೇಲೆ ನಡೆಯುವ ಕೆಲಸ. ಒಂದೇ ರೀತಿ ಸಿದ್ಧಪಡಿಸಿದ ಸಾವಿರಾರು ಕಣಗಳ ಸರಾಸರಿಯಿಂದ ನಾವು ಮಾತನಾಡುತ್ತೇವೆ.

ಆದರೆ ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಮೆಣಸಿನಕಾಯಿಗೆ ಮುರಿಯುವ ಮೊದಲೂ ಒಂದು ಬಣ್ಣವಿತ್ತು, ಒಂದು ಖಾರವಿತ್ತು. ನ್ಯೂಟ್ರಾನಿನ ವಿಷಯದಲ್ಲಿ ಹಾಗೆ ಹೇಳಲಾಗದು. ಅದಕ್ಕೆ ಸ್ಪಿನ್ ಎಂಬ ಗುಣವಿದೆ, ಪುಟ್ಟ ಕಾಂತಸೂಜಿಯಂತೆ ಒಂದು ದಿಕ್ಕು ಹಿಡಿಯುವ ಗುಣ. ಆ ಸ್ಪಿನ್ ಮೇಲ್ಮುಖವಾಗಿ ಖಚಿತವಾಗಿದ್ದರೆ, ಎಡಬಲ ದಿಕ್ಕಿನ ಸ್ಪಿನ್‌ಗೆ ಮೊದಲೇ ಇದ್ದ ಬೆಲೆ ಎಂಬುದೇ ಇಲ್ಲ. ಹಾಗಿದ್ದ ಮೇಲೆ "ಮೊದಲಿದ್ದದ್ದು" ಮತ್ತು "ಅಳೆದದ್ದು" ಇವುಗಳ ವ್ಯತ್ಯಾಸವನ್ನು ದೋಷ ಎಂದು ಕರೆಯುವುದು ಹೇಗೆ? ಇಷ್ಟು ವರ್ಷ ಯಾರೂ ಪ್ರಯೋಗಕ್ಕೆ ಇಳಿಯದೆ ಇದ್ದುದಕ್ಕೆ ಕಾರಣ ಇದೇ. ಉಪಕರಣದ ಕೊರತೆಗಿಂತ ಹೆಚ್ಚಾಗಿ ಏನನ್ನು ಅಳೆಯಬೇಕು ಎಂಬ ಸ್ಪಷ್ಟತೆಯ ಕೊರತೆ.

ಜಪಾನಿನ ಮಸನಾವೊ ಒಝಾವಾ 2003ರಲ್ಲಿ ದೋಷಕ್ಕೂ ಕ್ಷೋಭೆಗೂ ಒಂದೊಂದು ಗಣಿತದ ವ್ಯಾಖ್ಯೆ ಕೊಟ್ಟರು. ಆ ವ್ಯಾಖ್ಯೆಯಲ್ಲಿ ಹೈಸೆನ್‌ಬರ್ಗ್ ಶೈಲಿಯ ಸೂತ್ರ, ಅಂದರೆ ದೋಷ ಗುಣಿಸು ಕ್ಷೋಭೆ ಎಂಬುದು ಕನಿಷ್ಠದ ಕೆಳಗೆ ಇಳಿಯದು ಎಂಬ ಮಾತು, ಯಾವಾಗಲೂ ನಿಲ್ಲುವುದಿಲ್ಲ ಎಂದು ತೋರಿಸಿದರು. ಅದರ ಜಾಗದಲ್ಲಿ ಮೂರು ಪದಗಳ ಮೊತ್ತವನ್ನು ತಂದರು: ದೋಷ ಮತ್ತು ಕ್ಷೋಭೆಯ ಗುಣಲಬ್ಧ, ಅದಕ್ಕೆ ದೋಷ ಮತ್ತು ಎರಡನೆಯ ರಾಶಿಯ ಹರವಿನ ಗುಣಲಬ್ಧ, ಅದಕ್ಕೆ ಮೊದಲ ರಾಶಿಯ ಹರವು ಮತ್ತು ಕ್ಷೋಭೆಯ ಗುಣಲಬ್ಧ. ಈ ಮೂರನ್ನೂ ಕೂಡಿಸಿದರೆ ಮಾತ್ರ ಮೊತ್ತ ಮಿತಿಯ ಕೆಳಗೆ ಇಳಿಯುವುದಿಲ್ಲ.

2012ರ ವಿಯೆನ್ನಾ ಪ್ರಯೋಗದಲ್ಲಿ ಏನು ನಡೆಯಿತು?

ವಿಯೆನ್ನಾ ತಾಂತ್ರಿಕ ವಿಶ್ವವಿದ್ಯಾಲಯದ ಪರಮಾಣು ಸಂಸ್ಥೆಯಲ್ಲಿ ಒಂದು ಚಿಕ್ಕ ಸಂಶೋಧನಾ ರಿಯಾಕ್ಟರ್ ಇದೆ. ಯೂಜಿ ಹಸೆಗಾವಾ ಅವರ ತಂಡ ಅಲ್ಲಿನ ನ್ಯೂಟ್ರಾನ್‌ಗಳನ್ನು ಬಳಸಿತು, ಒಝಾವಾ ಕೂಡ ಆ ಕೆಲಸದಲ್ಲಿ ಜೊತೆಯಾದರು.

ಮೊದಲು ಎಲ್ಲ ನ್ಯೂಟ್ರಾನ್‌ಗಳ ಸ್ಪಿನ್ ಒಂದೇ ದಿಕ್ಕಿಗೆ ಇರುವಂತೆ ಮಾಡಿದರು. ಅದನ್ನು ಮೇಲ್ದಿಕ್ಕು ಎನ್ನೋಣ. ಅವು ಎರಡು ಉಪಕರಣಗಳನ್ನು ಒಂದರ ನಂತರ ಒಂದು ಹಾದು ಹೋಗಬೇಕು. ಮೊದಲನೆಯದು ಪೂರ್ವ-ಪಶ್ಚಿಮ ದಿಕ್ಕಿನ ಸ್ಪಿನ್ ಅಳೆಯಬೇಕು, ಎರಡನೆಯದು ಉತ್ತರ-ದಕ್ಷಿಣ ದಿಕ್ಕಿನದನ್ನು. ಈಗ ಜಾಣತನದ ಹೆಜ್ಜೆ: ಮೊದಲ ಉಪಕರಣವನ್ನು ಬೇಕೆಂದೇ ಒಂದು ಕೋನದಷ್ಟು ತಿರುಗಿಸಿ ಇಟ್ಟರು. ಪೂರ್ವಕ್ಕೆ ಸರಿಯಾಗಿ ಮುಖ ಮಾಡಿದ್ದರೆ ದೋಷ ಸೊನ್ನೆ, ಆದರೆ ಎರಡನೆಯ ರಾಶಿಗೆ ಆಗುವ ಕ್ಷೋಭೆ ಗರಿಷ್ಠ. ಉತ್ತರದ ಕಡೆಗೆ ತಿರುಗಿಸುತ್ತ ಹೋದಂತೆ ದೋಷ ಬೆಳೆಯುತ್ತದೆ, ಕ್ಷೋಭೆ ಇಳಿಯುತ್ತದೆ. ಪೂರ್ತಿ 90 ಡಿಗ್ರಿ ತಿರುಗಿಸಿದರೆ ಕ್ಷೋಭೆಯೇ ಇಲ್ಲ.

ಲೆಕ್ಕವನ್ನು ನೀವೇ ಮಾಡಬಹುದು. ತಿರುಗಿಸಿದ ಕೋನದ ಅರ್ಧದ ಸೈನನ್ನು ಎರಡರಿಂದ ಗುಣಿಸಿದರೆ ದೋಷ. ಕೋನದ ಕೊಸೈನನ್ನು ಎರಡರ ವರ್ಗಮೂಲದಿಂದ ಗುಣಿಸಿದರೆ ಕ್ಷೋಭೆ. ಹಳೆಯ ಸೂತ್ರದ ಪ್ರಕಾರ ಇವೆರಡರ ಗುಣಲಬ್ಧ, ಈ ಪ್ರಯೋಗದ ಮಾನದಲ್ಲಿ, 1ಕ್ಕಿಂತ ಕಡಿಮೆ ಆಗಬಾರದು. ಕೋನವನ್ನು ಸೊನ್ನೆಯಿಂದ 90ರವರೆಗೆ ಬದಲಿಸುತ್ತ ಕೋಷ್ಟಕ ಬರೆಯಿರಿ. ಸುಮಾರು 48 ಡಿಗ್ರಿಯಲ್ಲಿ ಗುಣಲಬ್ಧ ತನ್ನ ಗರಿಷ್ಠ ಮುಟ್ಟುತ್ತದೆ, ಆ ಗರಿಷ್ಠವೂ 0.77 ಮಾತ್ರ. ಎಲ್ಲಿಯೂ 1 ಬರುವುದೇ ಇಲ್ಲ. ಒಝಾವಾ ಅವರ ಮೂರು ಪದಗಳ ಮೊತ್ತವನ್ನು ಬರೆದರೆ ಎರಡು ತುದಿಗಳಲ್ಲಿ 1.41, ನಡುವೆ ಇನ್ನೂ ಹೆಚ್ಚು. ಎಲ್ಲ ಕಡೆಯೂ 1ರ ಮೇಲೆಯೇ. ನ್ಯೂಟ್ರಾನ್‌ಗಳನ್ನು ಎಣಿಸಿದಾಗ ಸಿಕ್ಕ ಅಂಕಿಗಳು ಈ ಎರಡೂ ವಕ್ರರೇಖೆಗಳ ಮೇಲೆಯೇ ಬಂದು ಕೂತವು.

ಮೊದಲಿದ್ದ ಬೆಲೆ ಗೊತ್ತಿಲ್ಲದೆ ದೋಷವನ್ನು ತೆಗೆದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಮೇಲ್ಮುಖ ಸ್ಥಿತಿಯೊಂದನ್ನೇ ಅಲ್ಲ, ಅದಕ್ಕೆ ಸಂಬಂಧಪಟ್ಟ ಇನ್ನೆರಡು ಆರಂಭಿಕ ಸ್ಥಿತಿಗಳನ್ನೂ ಸಿದ್ಧಪಡಿಸಿ ಅದೇ ಉಪಕರಣದ ಮೂಲಕ ಹಾಯಿಸಿದರು. ಮೂರೂ ಸ್ಥಿತಿಗಳಲ್ಲಿ ಸಿಗುವ ಸರಾಸರಿಗಳನ್ನು ಜೋಡಿಸಿದರೆ ವ್ಯಾಖ್ಯೆಯಲ್ಲಿರುವ ದೋಷ ನೇರವಾಗಿ ಹೊರಬೀಳುತ್ತದೆ. ಒಂದು ತಕ್ಕಡಿ ಸರಿಯಿದೆಯೇ ಎಂದು ತಿಳಿಯಲು ಒಂದೇ ತೂಕದ ಕಲ್ಲಿನಿಂದ ಪರೀಕ್ಷಿಸದೆ ಬೇರೆ ಬೇರೆ ಕಲ್ಲುಗಳಿಂದ ಪರೀಕ್ಷಿಸುವ ಹಾಗೆ.

ಟೊರಾಂಟೊ ಪ್ರಯೋಗ ಇದಕ್ಕಿಂತ ಹೇಗೆ ಭಿನ್ನ?

ಅದೇ ವರ್ಷ ಟೊರಾಂಟೊ ವಿಶ್ವವಿದ್ಯಾಲಯದ ಏಫ್ರಾಯಿಮ್ ಸ್ಟೈನ್‌ಬರ್ಗ್ ಅವರ ತಂಡ ಫೋಟಾನ್‌ಗಳ ಧ್ರುವೀಕರಣವನ್ನು, ಅಂದರೆ ಬೆಳಕು ಕಂಪಿಸುವ ದಿಕ್ಕನ್ನು, ಬಳಸಿ ಬೇರೆ ದಾರಿ ಹಿಡಿಯಿತು. ಅವರ ಸಾಧನ ದುರ್ಬಲ ಮಾಪನ. ಅಹರೊನೊವ್, ಆಲ್ಬರ್ಟ್ ಮತ್ತು ವೈಡ್‌ಮನ್ 1988ರಲ್ಲಿ ಮುಂದಿಟ್ಟ ಕಲ್ಪನೆ ಅದು. ಫೋಟಾನನ್ನು ಮುಖ್ಯ ಉಪಕರಣಕ್ಕೆ ಕಳಿಸುವ ಮೊದಲು ಅದನ್ನು ತೀರಾ ಹಗುರವಾಗಿ ಸೋಕಿ ನೋಡುತ್ತಾರೆ. ಒಂದು ಫೋಟಾನಿನಿಂದ ಸಿಗುವ ಮಾಹಿತಿ ಹೆಚ್ಚುಕಡಿಮೆ ಏನೂ ಅಲ್ಲ, ಅದಕ್ಕೆ ಆಗುವ ತೊಂದರೆಯೂ ಹಾಗೆಯೇ. ಬಹಳ ಫೋಟಾನ್‌ಗಳ ಸರಾಸರಿ ತೆಗೆದಾಗ ಮಾತ್ರ ಚಿತ್ರ ಮೂಡುತ್ತದೆ. ನಂತರ ಉಪಕರಣದ ಆಚೆಗೆ ಮತ್ತೆ ಅಳೆದು ಎರಡನ್ನೂ ಹೋಲಿಸುತ್ತಾರೆ. ಅಲ್ಲಿಯೂ ಹಳೆಯ ಗುಣಲಬ್ಧ ಮಿತಿ ಮುರಿದು ಬಿತ್ತು, ಒಝಾವಾ ಸೂತ್ರ ನಿಂತಿತು.

2013ರಲ್ಲಿ ಸಿರಿಲ್ ಬ್ರಾನ್ಸಿಯಾರ್ ಅದಕ್ಕಿಂತಲೂ ಬಿಗಿಯಾದ ಸೂತ್ರ ಕೊಟ್ಟರು. ಅದನ್ನು 2014ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿಯೂ ಜಪಾನಿನಲ್ಲಿಯೂ ಫೋಟಾನ್‌ಗಳಿಂದ ಪರೀಕ್ಷಿಸಿದರು.

ಹಾಗಾದರೆ ಹೈಸೆನ್‌ಬರ್ಗ್ ಸೋತರೇ?

ಪತ್ರಿಕೆಗಳ ತಲೆಬರಹಗಳು ಆಗ ಹಾಗೆ ಬಂದವು. ನಾನು ಆ ಮಾತನ್ನು ಒಪ್ಪುವುದಿಲ್ಲ. ಒಪ್ಪದಿರಲು ಕಾರಣಗಳನ್ನು ಹೇಳಬೇಕು.

ಮೊದಲನೆಯದಾಗಿ, ಕೆನಾರ್ಡ್ ಸಾಧಿಸಿದ ಸಿದ್ಧತೆಯ ಹೇಳಿಕೆಗೆ ಈ ಯಾವ ಪ್ರಯೋಗದಿಂದಲೂ ಒಂದು ಗೀರೂ ಬಿದ್ದಿಲ್ಲ. ಪರೀಕ್ಷೆಯಲ್ಲಿ ನೀವು ಬರೆಯುವ ಸೂತ್ರ ಅದೇ ಆಗಿರುವುದರಿಂದ ಅದನ್ನು ಹೊಡೆದುಹಾಕುವ ಅಗತ್ಯವಿಲ್ಲ.

ಎರಡನೆಯದಾಗಿ, ಪಾಲ್ ಬುಶ್, ಪೆಕ್ಕಾ ಲಾಹ್ತಿ ಮತ್ತು ರೈನ್‌ಹಾರ್ಡ್ ವೆರ್ನರ್ ಎಂಬ ಮೂವರು 2013ರಲ್ಲಿ ಒಂದು ಗಟ್ಟಿ ಪ್ರತಿವಾದ ಮಂಡಿಸಿದರು. ಒಝಾವಾ ಅವರ ದೋಷ ಒಂದು ನಿರ್ದಿಷ್ಟ ಸ್ಥಿತಿಗೆ ಅಂಟಿಕೊಂಡದ್ದು. ಉಪಕರಣದ ಗುಣವನ್ನು ಹೇಳಬೇಕಾದರೆ ಎಲ್ಲ ಸ್ಥಿತಿಗಳಲ್ಲಿಯೂ ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಬೇಕು, ಅತಿ ಕೆಟ್ಟ ಸಂದರ್ಭದಲ್ಲಿ ಎಷ್ಟು ತಪ್ಪುತ್ತದೆ ಎಂಬುದನ್ನೇ ದೋಷ ಎನ್ನಬೇಕು ಎಂಬುದು ಅವರ ವಾದ. ಹೀಗೆ ವ್ಯಾಖ್ಯಾನಿಸಿದಾಗ ಸ್ಥಾನ ಮತ್ತು ಸಂವೇಗಕ್ಕೆ ಹೈಸೆನ್‌ಬರ್ಗ್ ಶೈಲಿಯ ಗುಣಲಬ್ಧ ಮಿತಿಯನ್ನು ಅವರು ಗಣಿತದಿಂದ ಸಾಧಿಸಿಯೇ ತೋರಿಸಿದರು.

ಎರಡೂ ಪಕ್ಷಗಳ ಗಣಿತ ಸರಿಯಾಗಿದೆ. ಜಗಳ ಇರುವುದು "ದೋಷ" ಎಂಬ ಪದದ ಅರ್ಥದಲ್ಲಿ. ಇದನ್ನು ಬರೀ ಪದಗಳ ಜಗಳ ಎಂದು ಕೈ ಕೊಡವುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಾಗುವಾಗ ಬಟ್ಟೆಯ ಎಳೆಗಳ ಎಣಿಕೆ, ತೂಕ, ಬಣ್ಣ, ಅಳತೆ ಎಲ್ಲವನ್ನೂ ಮಾನಕಕ್ಕೆ ಹಿಡಿದು ನೋಡುತ್ತಾರೆ. ಒಂದು ಧ್ವಜ ಎಷ್ಟು ತಪ್ಪಿದೆ ಎಂದು ಕೇಳುವುದು ಒಂದು ಪ್ರಶ್ನೆ. ಆ ಮಗ್ಗ ಹೆಚ್ಚೆಂದರೆ ಎಷ್ಟು ತಪ್ಪಬಲ್ಲದು ಎಂದು ಕೇಳುವುದು ಇನ್ನೊಂದು ಪ್ರಶ್ನೆ. ಎರಡೂ ಅರ್ಥವುಳ್ಳ ಪ್ರಶ್ನೆಗಳು, ಉತ್ತರಗಳು ಬೇರೆ ಬರುವುದು ಸಹಜ.

ಇನ್ನೊಂದು ಅಂಶ ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಸ್ಪಿನ್ ಅಳೆದರೆ ಸಿಗುವ ಉತ್ತರ ಎರಡೇ, ಕೂಡು ಒಂದು ಅಥವಾ ಕಳೆ ಒಂದು. ಹಾಗಿರುವಾಗ ಅದಕ್ಕೆ ಆಗುವ ಕ್ಷೋಭೆಗೂ ಒಂದು ಮೇಲ್ಮಿತಿ ಇದೆ, ಅದು ಅನಂತವಾಗಲಾರದು. ದೋಷ ಸೊನ್ನೆ ಆದಾಗ ಕ್ಷೋಭೆ ಎಷ್ಟೇ ಇದ್ದರೂ ಗುಣಲಬ್ಧ ಸೊನ್ನೆಯೇ. ಅಂದ ಮೇಲೆ ಗುಣಲಬ್ಧದ ಸೂತ್ರ ಸ್ಪಿನ್‌ಗೆ ಹೊಂದುವುದು ಮೊದಲಿನಿಂದಲೇ ಸಾಧ್ಯವಿರಲಿಲ್ಲ. ಸ್ಥಾನ ಮತ್ತು ಸಂವೇಗದ ಕಥೆ ಬೇರೆ, ಅವುಗಳ ಬೆಲೆಗೆ ಅಂಥ ಗೋಡೆ ಇಲ್ಲ. ಹೈಸೆನ್‌ಬರ್ಗ್ ಮಾತನಾಡಿದ್ದು ಸ್ಥಾನ ಮತ್ತು ಸಂವೇಗದ ಬಗ್ಗೆ, 2012ರಲ್ಲಿ ಪರೀಕ್ಷೆಗೊಳಗಾದದ್ದು ಸ್ಪಿನ್ ಮತ್ತು ಧ್ರುವೀಕರಣ. ಈ ವ್ಯತ್ಯಾಸವನ್ನು ಹೇಳದ ಯಾವ ಸುದ್ದಿಯನ್ನೂ ಪೂರ್ಣವೆಂದು ತಿಳಿಯಬೇಡಿ.

ಪುಕ್ಕಟೆಯಾಗಿ ಏನೂ ಸಿಗುವುದಿಲ್ಲ ಎಂಬ ತಿರುಳು ಮಾತ್ರ ಎರಡೂ ಪಕ್ಷಗಳಲ್ಲಿ ಉಳಿದಿದೆ. ವಿಯೆನ್ನಾದ ಕೋಷ್ಟಕದಲ್ಲಿಯೂ ದೋಷ ಮತ್ತು ಕ್ಷೋಭೆ ಒಟ್ಟಿಗೆ ಸೊನ್ನೆಯಾಗುವ ಕೋನ ಇಲ್ಲ.

ಮನುಷ್ಯ ನೋಡುವುದರಿಂದ ಕಣ ಬದಲಾಗುತ್ತದೆ ಎನ್ನುತ್ತಾರಲ್ಲ?

ಇಲ್ಲಿ "ನೋಡುವುದು" ಎಂದರೆ ಭೌತಿಕ ಪರಸ್ಪರ ಕ್ರಿಯೆ. ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ವಿಯೆನ್ನಾದ ಎಣಿಕೆ ಯಂತ್ರ ಅದೇ ಅಂಕಿ ಕೊಡುತ್ತದೆ. ಪ್ರಜ್ಞೆ, ಮನಸ್ಸು, ಸಂಕಲ್ಪ ಇವುಗಳನ್ನು ಈ ತತ್ತ್ವದ ಹೆಸರಿನಲ್ಲಿ ಮಾರುವವರಿಂದ ದೂರವಿರಿ.

ಇದೆಲ್ಲ ಕಣಗಳಿಗೆ ಮಾತ್ರವೇ? ದೊಡ್ಡ ವಸ್ತುವಿನಲ್ಲಿ ಮಿತಿಯನ್ನು ಮುಟ್ಟಿದ್ದಾರೆಯೇ?

ಮುಟ್ಟಿದ್ದಾರೆ, ಅದೂ 40 ಕಿಲೋಗ್ರಾಂ ತೂಕದ ಕನ್ನಡಿಗಳಲ್ಲಿ. ಅಮೆರಿಕದ ಲೈಗೋ ವೀಕ್ಷಣಾಲಯ 2015ರ ಸೆಪ್ಟೆಂಬರ್ 14ರಂದು ಮೊದಲ ಗುರುತ್ವ ತರಂಗವನ್ನು, ಅಂದರೆ ದೇಶಕಾಲದಲ್ಲಿ ಹರಿಯುವ ಅಲೆಯನ್ನು, ಹಿಡಿಯಿತು. ಲೇಸರ್ ಬೆಳಕು ಓಡಾಡುವ ಅದರ ಎರಡು ತೋಳುಗಳು ತಲಾ ನಾಲ್ಕು ಕಿಲೋಮೀಟರ್. ತುದಿಯ ಕನ್ನಡಿಗಳು ಪ್ರೋಟಾನಿನ ಗಾತ್ರದ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಅಲುಗಿದರೂ ಅದು ತಿಳಿಯಬೇಕು.

ಇಲ್ಲಿ ಹೈಸೆನ್‌ಬರ್ಗ್ ಸೂಕ್ಷ್ಮದರ್ಶಕವೇ ಕಿಲೋಮೀಟರ್ ಗಾತ್ರಕ್ಕೆ ಬೆಳೆದು ನಿಂತಿದೆ. ಲೇಸರ್ ಕಡಿಮೆ ಇದ್ದರೆ ಫೋಟಾನ್‌ಗಳ ಎಣಿಕೆಯಲ್ಲಿ ಏರಿಳಿತ ಹೆಚ್ಚು, ಕನ್ನಡಿ ಎಲ್ಲಿದೆ ಎಂಬುದು ಮಸುಕು. ಲೇಸರ್ ಹೆಚ್ಚಿಸಿದರೆ ಎಣಿಕೆ ಸ್ಪಷ್ಟವಾಗುತ್ತದೆ, ಆದರೆ ಫೋಟಾನ್‌ಗಳು ಕನ್ನಡಿಯನ್ನೇ ಏರುಪೇರಾಗಿ ತಳ್ಳತೊಡಗುತ್ತವೆ. ಈ ಎರಡರ ಮೊತ್ತ ಅತಿ ಕಡಿಮೆ ಇರುವ ಬಿಂದುವನ್ನು ಮಾನಕ ಕ್ವಾಂಟಂ ಮಿತಿ ಎನ್ನುತ್ತಾರೆ. ರಷ್ಯಾದ ವ್ಲಾದಿಮಿರ್ ಬ್ರಗಿನ್ಸ್ಕಿ ಅದನ್ನು ಮೊದಲು ಗುರುತಿಸಿದವರು.

ಆ ಮಿತಿ ಕೊನೆಯ ಗೋಡೆಯಲ್ಲ. ಎಣಿಕೆಯ ಏರಿಳಿತಕ್ಕೂ ತಳ್ಳಾಟಕ್ಕೂ ಸಂಬಂಧವಿಲ್ಲ ಎಂದು ಭಾವಿಸಿದರೆ ಮಾತ್ರ ಅದು ನಿಲ್ಲುತ್ತದೆ. ಎರಡಕ್ಕೂ ನಂಟು ಕಲ್ಪಿಸಿದರೆ ಅದರ ಕೆಳಗೆ ಇಳಿಯಬಹುದು. ಅದಕ್ಕೆ ಬಳಸುವುದು ಹಿಂಡಿದ ಬೆಳಕು: ಒಂದು ಗುಣದ ಅನಿಶ್ಚಿತತೆಯನ್ನು ಹಿಂಡಿ ಚಿಕ್ಕದು ಮಾಡಿ, ಅದರ ಜೋಡಿ ಗುಣದಲ್ಲಿ ಉಬ್ಬಲು ಬಿಟ್ಟ ಬೆಳಕು. ಗುಣಲಬ್ಧ ಕೆನಾರ್ಡ್ ಸೂತ್ರಕ್ಕೆ ಬದ್ಧವಾಗಿಯೇ ಇರುತ್ತದೆ. ಲೈಗೋದಲ್ಲಿ 2019ರ ವೀಕ್ಷಣಾ ಸರದಿಯಿಂದ ಇದನ್ನು ನಿತ್ಯ ಬಳಸುತ್ತಿದ್ದಾರೆ. ಬೆಳಕಿನ ಕ್ವಾಂಟಂ ಏರಿಳಿತವೇ ಆ 40 ಕಿಲೋಗ್ರಾಂ ಕನ್ನಡಿಗಳನ್ನು 10⁻²⁰ ಮೀಟರಿನಷ್ಟು ಅಲುಗಿಸುತ್ತದೆ ಎಂದು 2020ರಲ್ಲಿ ತೋರಿಸಿದರು. ಕನ್ನಡಿಗಳ ನಡುವೆ ಬೆಳಕು ಓಡಾಡುವ 300 ಮೀಟರ್ ಉದ್ದದ ಒಂದು ಹೆಚ್ಚುವರಿ ಕುಹರವನ್ನು ಜೋಡಿಸಿ, ಆವೃತ್ತಿಗೆ ತಕ್ಕಂತೆ ಹಿಂಡುವ ದಿಕ್ಕನ್ನು ಬದಲಿಸಿ, ಮಾನಕ ಮಿತಿಯ ಕೆಳಗೆ ಇಳಿದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ನಲವತ್ತು ಕಿಲೋಗ್ರಾಂ ಎಂದರೆ ನಿಮ್ಮ ತಂಗಿಯ ತೂಕ. ಅಷ್ಟು ತೂಕದ ವಸ್ತುವಿನಲ್ಲಿ ಪ್ಲಾಂಕ್ ಸ್ಥಿರಾಂಕದ ಸ್ಪರ್ಶ ಕಾಣುತ್ತದೆ ಎಂದು ನಾನು ವಿದ್ಯಾರ್ಥಿಯಾಗಿದ್ದಾಗ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಇಂಥದೇ ಒಂದು ವೀಕ್ಷಣಾಲಯವನ್ನು ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥದ ಬಳಿ ಕಟ್ಟಲು ಕೇಂದ್ರ ಸಚಿವ ಸಂಪುಟ 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿದೆ.

ಕಾಲ ಮತ್ತು ಶಕ್ತಿಯ ಅನಿಶ್ಚಿತತೆಯೂ ಇದೇ ಜಾತಿಯದೇ?

ಪೂರ್ತಿ ಅಲ್ಲ. ಕ್ವಾಂಟಂ ಸಿದ್ಧಾಂತದಲ್ಲಿ ಕಾಲವು ಸ್ಥಾನದಂತೆ ಅಳೆಯುವ ರಾಶಿಯಲ್ಲ, ಗಡಿಯಾರದಲ್ಲಿ ಓಡುವ ಸಂಖ್ಯೆ. ಸ್ಥಿತಿಯೊಂದು ಗುರುತಿಸುವಷ್ಟು ಬದಲಾಗಲು ಎಷ್ಟು ಕಾಲ ಬೇಕು ಎಂಬ ಅರ್ಥದಲ್ಲಿ ಮಾಂಡೆಲ್‌ಸ್ಟಾಮ್ ಮತ್ತು ಟಾಮ್ 1945ರಲ್ಲಿ ಅದಕ್ಕೆ ಸರಿಯಾದ ರೂಪ ಕೊಟ್ಟರು.

ಇದರಿಂದ ಉಪಯೋಗವೇನು?

ಮನೆಯಲ್ಲಿ ಅಪ್ಪ-ಅಮ್ಮ ಕೇಳುತ್ತಾರೆ ಎಂದು ಮಕ್ಕಳು ಹೇಳುವ ಪ್ರಶ್ನೆ. ಗುರುತ್ವ ತರಂಗದ ಮಾತು ಆಯಿತು. ಇನ್ನೊಂದು, ರಹಸ್ಯ ಸಂವಹನ. ಬೆನೆಟ್ ಮತ್ತು ಬ್ರಾಸಾರ್ಡ್ 1984ರಲ್ಲಿ ಸೂಚಿಸಿದ ಕ್ವಾಂಟಂ ಕೀಲಿ ಹಂಚಿಕೆಯಲ್ಲಿ (ಸಂದೇಶ ಬಿಚ್ಚುವ ಗುಟ್ಟಿನ ಕೀಲಿಯನ್ನು ಫೋಟಾನ್‌ಗಳ ಮೂಲಕ ಕಳಿಸುವ ವಿಧಾನದಲ್ಲಿ) ಕದ್ದು ಕೇಳುವವನು ಫೋಟಾನನ್ನು ಅಳೆಯಲೇಬೇಕು, ಅಳೆದರೆ ಕ್ಷೋಭೆ ಆಗಲೇಬೇಕು, ಆ ಕ್ಷೋಭೆಯಿಂದಲೇ ಅವನು ಸಿಕ್ಕಿಬೀಳುತ್ತಾನೆ. ಎಷ್ಟು ಮಾಹಿತಿಗೆ ಎಷ್ಟು ಕ್ಷೋಭೆ ಎಂಬ ಲೆಕ್ಕ ಖಚಿತವಾಗಿರಬೇಕಾದದ್ದು ಇಲ್ಲಿ.

ಭಾರತದಲ್ಲಿ, ನಮ್ಮ ಕಡೆ, ಇದನ್ನು ಎಲ್ಲಿ ಕಲಿಯಬಹುದು?

ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ 2023ರಲ್ಲಿ 6,003.65 ಕೋಟಿ ರೂಪಾಯಿಗಳ ಒಪ್ಪಿಗೆ ಸಿಕ್ಕಿದೆ. ಅದರ ನಾಲ್ಕು ಕೇಂದ್ರಗಳಲ್ಲಿ ಕ್ವಾಂಟಂ ಸಂವೇದನೆ ಮತ್ತು ಮಾಪನಕ್ಕೆ ಮೀಸಲಾದದ್ದು ಮುಂಬೈನ ಐಐಟಿಯಲ್ಲಿದೆ. ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಫೋಟಾನ್‌ಗಳ ಮೇಲಿನ ಪ್ರಯೋಗಗಳು ನಡೆಯುತ್ತಿವೆ. ಹತ್ತಿರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗವಿದೆ, ಧಾರವಾಡದ ಐಐಟಿ ಇದೆ. ಪಿಯುಸಿ ಮುಗಿಸಿದವರಿಗೆ ನನ್ನ ಸಲಹೆ ಒಂದೇ: ರೇಖೀಯ ಬೀಜಗಣಿತ ಕಲಿಯಿರಿ. ವಿಯೆನ್ನಾ ಪ್ರಯೋಗದ ಇಡೀ ಲೆಕ್ಕಕ್ಕೆ ಎರಡು ಸಾಲು ಎರಡು ಕಂಬದ ಮಾತೃಕೆಗಳು ಸಾಕು.

ಕಾಲೇಜಿನಲ್ಲಿ ಅಥವಾ ಮನೆಯಲ್ಲಿ ಮಾಡಬಹುದಾದ ಪ್ರಯೋಗ ಇದೆಯೇ?

ಇದೆ, ಸಿದ್ಧತೆಯ ಹೇಳಿಕೆಗೆ. ಕೆಂಪು ಲೇಸರ್ ಪಾಯಿಂಟರ್ ಒಂದು, ಶೇವಿಂಗ್ ಬ್ಲೇಡ್ ಎರಡು ಬೇಕು. ಬ್ಲೇಡುಗಳ ಅಂಚುಗಳನ್ನು ಎದುರುಬದುರು ಅಂಟಿಸಿ 0.2 ಮಿಲಿಮೀಟರ್ ಕಂಡಿ ಮಾಡಿ. ಕತ್ತಲೆ ಕೋಣೆಯಲ್ಲಿ ಬೆಳಕನ್ನು ಆ ಕಂಡಿಯ ಮೂಲಕ ನಾಲ್ಕು ಮೀಟರ್ ದೂರದ ಗೋಡೆಗೆ ಬಿಡಿ. ಕಂಡಿ ಕಿರಿದಾದರೆ ಗೋಡೆಯ ಮೇಲಿನ ಪಟ್ಟಿಯೂ ಕಿರಿದಾಗಬೇಕು ಎಂದು ಮನಸ್ಸು ಹೇಳುತ್ತದೆ. ಆಗುವುದು ಅದರ ವಿರುದ್ಧ. 0.2 ಮಿಲಿಮೀಟರ್ ಕಂಡಿಗೆ ನಡುವಿನ ಬೆಳಕಿನ ಪಟ್ಟಿ, ಒಂದು ಕತ್ತಲೆ ಗೆರೆಯಿಂದ ಇನ್ನೊಂದಕ್ಕೆ, ಸುಮಾರು 2.6 ಸೆಂಟಿಮೀಟರ್. 0.1ಕ್ಕೆ ಇಳಿಸಿದರೆ 5.2 ಸೆಂಟಿಮೀಟರ್. ಅಡ್ಡ ದಿಕ್ಕಿನಲ್ಲಿ ಫೋಟಾನ್ ಎಲ್ಲಿದೆ ಎಂದು ನೀವು ಇಕ್ಕಟ್ಟು ಮಾಡಿದಷ್ಟೂ ಅದರ ಅಡ್ಡ ಸಂವೇಗ ಹರಡುತ್ತದೆ.

ಕಂಡಿಯ ಅಗಲವನ್ನು ಮೊದಲ ಕತ್ತಲೆ ಗೆರೆಗೆ ಬೇಕಾದ ಅಡ್ಡ ಸಂವೇಗದಿಂದ ಗುಣಿಸಿ. 6.6 × 10⁻³⁴ ಬರುತ್ತದೆ, ಅದು ಪ್ಲಾಂಕ್ ಸ್ಥಿರಾಂಕ. ಇಲ್ಲಿ ಒಂದು ಪ್ರಾಮಾಣಿಕ ಮಾತು ಅಗತ್ಯ. ಫೋಟಾನಿನ ಸಂವೇಗವನ್ನು ಲೆಕ್ಕ ಹಾಕುವಾಗ ಆ ಸ್ಥಿರಾಂಕವನ್ನು ನಾವೇ ಒಳಗೆ ಹಾಕಿದ್ದೇವೆ, ಆದ್ದರಿಂದ ಈ ಪ್ರಯೋಗದಿಂದ ಅದನ್ನು ಕಂಡುಹಿಡಿದೆವು ಎನ್ನಲಾಗದು. ಗೋಡೆಯ ಮೇಲಿನ ಚಿತ್ರವನ್ನು ಹತ್ತೊಂಬತ್ತನೆಯ ಶತಮಾನದ ತರಂಗ ಸಿದ್ಧಾಂತವೂ ವಿವರಿಸಬಲ್ಲದು. ಅದು ಕ್ವಾಂಟಂ ಪರೀಕ್ಷೆಯಾಗುವುದು ತರಂಗವೆಂದು ಯಾರೂ ಭಾವಿಸದ ವಸ್ತುವಿನಿಂದ ಇದೇ ಕೆಲಸ ಮಾಡಿದಾಗ. 2002ರಲ್ಲಿ ನೈರ್ಟ್ಸ್, ಆರ್ಂಟ್ ಮತ್ತು ತ್ಸೈಲಿಂಗರ್ ವಿಯೆನ್ನಾದಲ್ಲಿ 70 ಇಂಗಾಲದ ಪರಮಾಣುಗಳಿರುವ ಫುಲ್ಲರೀನ್ ಅಣುಗಳನ್ನು 900 ಕೆಲ್ವಿನ್‌ಗೆ ಕಾಯಿಸಿ ಇಕ್ಕಟ್ಟಾದ ಕಂಡಿಯ ಮೂಲಕ ಹಾಯಿಸಿದರು. ಕಂಡಿಯನ್ನು ಕಿರಿದು ಮಾಡಿದಾಗ ಅಲ್ಲಿಯೂ ಅಡ್ಡ ಸಂವೇಗ ಹರಡಿತು, ತತ್ತ್ವ ಹೇಳುವಂತೆಯೇ.

ಲೇಸರನ್ನು ಯಾರ ಕಣ್ಣಿಗೂ ಬಿಡಬೇಡಿ. ಬ್ಲೇಡಿನಿಂದ ಪ್ರತಿಫಲಿಸಿ ಬರುವ ಬೆಳಕೂ ಅಪಾಯ.

ಪ್ರಯೋಗ ಮಾಡಿದೆ, ನನ್ನ ಅಂಕಿ ಹೊಂದುತ್ತಿಲ್ಲ. ಏನು ತಪ್ಪಾಗಿದೆ?

ಬಹುಪಾಲು ಸಲ ತಪ್ಪು ಕಂಡಿಯ ಅಗಲದಲ್ಲಿ ಇರುತ್ತದೆ. ಬ್ಲೇಡುಗಳು ಸಮಾಂತರವಾಗಿಲ್ಲದಿದ್ದರೆ ಗೋಡೆಯ ಪಟ್ಟಿ ಒಂದು ಕಡೆ ಅಗಲವಾಗಿ ಬೀಸಣಿಗೆಯಂತೆ ಕಾಣುತ್ತದೆ. ಬೆಳಕು ಎಲ್ಲಿಯವರೆಗೆ ಕಾಣುತ್ತದೆ ಎಂದು ಅಳೆಯಬೇಡಿ, ಅದು ನಿಮ್ಮ ಕಣ್ಣನ್ನು ಅವಲಂಬಿಸುತ್ತದೆ. ಎರಡು ಕತ್ತಲೆ ಗೆರೆಗಳ ನಡುವಿನ ದೂರವನ್ನು ಅಳೆಯಿರಿ. ಲೇಸರಿನ ಮೇಲೆ ಬರೆದಿರುವ ತರಂಗಾಂತರವನ್ನು ಓದಿ, ಕೆಲವು 635 ನ್ಯಾನೋಮೀಟರ್, ಕೆಲವು 650. ಬ್ಲೇಡ್ ಹೊಂದಿಸಲು ಬಾರದೆ ಹೋದರೆ ತಲೆಗೂದಲನ್ನು ಬೆಳಕಿಗೆ ಅಡ್ಡ ಹಿಡಿಯಿರಿ. ಕೂದಲೂ ಕಂಡಿಯಂತೆಯೇ ಪಟ್ಟಿಗಳನ್ನು ಕೊಡುತ್ತದೆ, 0.07 ಮಿಲಿಮೀಟರ್ ಕೂದಲಾದರೆ ನಾಲ್ಕು ಮೀಟರಿನಲ್ಲಿ ಸುಮಾರು 7.4 ಸೆಂಟಿಮೀಟರ್. ಪ್ರತಿ ಅಳತೆಯನ್ನೂ ಹತ್ತು ಸಲ ತೆಗೆದು, ಹತ್ತನ್ನೂ ನೋಟ್ ಪುಸ್ತಕದಲ್ಲಿ ಬರೆಯಿರಿ. ಸರಿಹೊಂದದ್ದನ್ನು ಹೊಡೆದುಹಾಕಬೇಡಿ. ಮುಂದಿನ ಭಾನುವಾರ ಬರುವಾಗ ಆ ಪುಸ್ತಕವನ್ನೇ ತನ್ನಿ, ಒಟ್ಟಿಗೆ ನೋಡೋಣ.